ಪ್ರಾಗ್‌ನಲ್ಲಿ ಗೆಳತಿಯ ಮನೆಯವರ ಜೊತೆ ಎರಡು ರಾತ್ರಿ: ಹೋಗಲೋ, ಬೇಡವೋ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಒಂದು ವರ್ಷದಿಂದ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಸೆಪ್ಟೆಂಬರ್ ಕೊನೆಯಲ್ಲಿ ಒಂದು ಶುಕ್ರವಾರ ಸಂಜೆ ಹೊರಟು ಚೆಕ್ ದೇಶದ ರಾಜಧಾನಿ ಪ್ರಾಗ್ ನೋಡಿಕೊಂಡು ಭಾನುವಾರ ರಾತ್ರಿ ವಾಪಸ್ ಬರುವ ಆಸೆ. ಕ್ಲಾಸಿನ ಚೆಕ್ ಗೆಳತಿ ತನ್ನ ಅಪ್ಪ ಅಮ್ಮನ ಮನೆಯಲ್ಲೇ ಉಳಿದುಕೋ ಎಂದಿದ್ದಾಳೆ. ಅವಳೂ ಬರುತ್ತಾಳೆ. ಆದರೆ ಶನಿವಾರ ಬೆಳಗ್ಗೆ ಮನೆಯವರೆಲ್ಲ ಊರಾಚೆ ಇರುವ ತಮ್ಮ ಚಿಕ್ಕ ಮನೆಗೆ ಹೋಗುತ್ತಾರಂತೆ, ನನ್ನನ್ನೂ ಕರೆದಿದ್ದಾರೆ. ಅಲ್ಲಿಗೆ ಹೋದರೆ ಪ್ರಾಗ್ ನೋಡುವುದು ಯಾವಾಗ? ಶನಿವಾರ ರಾತ್ರಿ ಮಾತ್ರ ಆ್ಯಪ್‌ನಲ್ಲಿ ಸಿಗುವ, ಪುಕ್ಕಟೆ ಉಳಿಸಿಕೊಳ್ಳುವ ಯಾರದಾದರೂ ಮನೆ ನೋಡಲೇ? ಪ್ರವಾಸಿಗಳ ಹಾಸ್ಟೆಲ್ ವಾಸಿಯೇ? ಮನೆಯಲ್ಲಿ ಉಳಿದರೆ ಪೊಲೀಸರ ಹತ್ತಿರ ಹೆಸರು ಬರೆಸಬೇಕು ಅಂತ ಒಬ್ಬರು ಹೆದರಿಸಿದ್ದಾರೆ. ನಾನು ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಅಣಬೆ ತಿನ್ನುತ್ತೇನೆ. ಚೆಕ್ ಜನ ಮುಖ ಗಂಟು ಹಾಕಿಕೊಂಡೇ ಇರುತ್ತಾರೆ ಅಂತಲೂ ಕೇಳಿದ್ದೇನೆ. ಊರಲ್ಲಿ ಅಮ್ಮ "ಗುರುತಿಲ್ಲದವರ ಮನೇಲಿ ಉಳಿಯೋದು ಬೇಡ" ಅಂತ ಹಟ ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ: ಗೆಳತಿಯ ಮನೆಗೆ ಹೋಗಿ. ಶನಿವಾರ ಅವರ ಜೊತೆ ಊರಾಚೆಗೂ ಹೋಗಿ. ನಾನು ಹದಿನಾಲ್ಕು ವರ್ಷದಿಂದ ಪ್ರಾಗ್‌ನಲ್ಲಿದ್ದು, ಭಾರತದಿಂದ ಬರುವವರಿಗೆ ಈ ಊರು ತೋರಿಸುವ ಕೆಲಸ ಮಾಡುತ್ತಿದ್ದೇನೆ. ನಿಮಗೆ ಬಂದಿರುವಂಥ ಕರೆ ನನ್ನ ಬಳಿ ಬರುವ ನೂರರಲ್ಲಿ ಒಬ್ಬರಿಗೂ ಸಿಗುವುದಿಲ್ಲ. ನಿಮ್ಮ ಭಯಗಳಲ್ಲಿ ಕೆಲವಕ್ಕೆ ಅರ್ಥವಿದೆ, ಕೆಲವಕ್ಕೆ ಇಲ್ಲ. ನೀವು ಕೇಳದೇ ಇರುವ ಒಂದು ವಿಷಯಕ್ಕೆ ಮಾತ್ರ ನಿಜವಾಗಿ ಹುಷಾರಾಗಿರಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಪೊಲೀಸ್ ವಿಷಯ. ಮಾತು ಪೂರ್ತಿ ಸುಳ್ಳಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿನವರು ಚೆಕ್ ದೇಶಕ್ಕೆ ಬಂದರೆ, ಮೂರು ಕೆಲಸದ ದಿನಗಳೊಳಗೆ ಎಲ್ಲಿ ಉಳಿದಿದ್ದೇವೆ ಎಂದು ವಿದೇಶಿಯರ ಪೊಲೀಸ್ ವಿಭಾಗಕ್ಕೆ ತಿಳಿಸಬೇಕು. ಹೋಟೆಲಿನಲ್ಲಿ ಇಳಿದರೆ ಹೋಟೆಲಿನವರೇ ತಿಳಿಸುತ್ತಾರೆ. ಸ್ನೇಹಿತರ ಮನೆಯಲ್ಲಾದರೆ ಆ ಜವಾಬ್ದಾರಿ ನಿಮ್ಮದು. ಆದರೆ ನೀವು ಶುಕ್ರವಾರ ಸಂಜೆ ಬಂದು ಭಾನುವಾರ ಹೊರಡುತ್ತೀರಿ. ಮೂರು ಕೆಲಸದ ದಿನ ಆಗುವುದೇ ಇಲ್ಲ. ಹಾಗಾಗಿ ಇದನ್ನು ತಲೆಯಿಂದ ತೆಗೆದುಹಾಕಿ. ಒಂದು ವಾರ ಉಳಿಯುವ ಯೋಚನೆ ಬಂದರೆ ಮಾತ್ರ ನೆನಪಿಟ್ಟುಕೊಳ್ಳಿ.

ವೀಸಾ ಕೂಡ ಬೇಡ. ಚೆಕ್ ದೇಶ 2007ರ ಡಿಸೆಂಬರ್‌ನಿಂದ ಷೆಂಗೆನ್ ಒಳಗಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನೊಳಗೆ. ನಿಮ್ಮ ಜರ್ಮನ್ ವಾಸದ ಕಾರ್ಡು ಮತ್ತು ಪಾಸ್‌ಪೋರ್ಟ್ ಇದ್ದರೆ 180 ದಿನಗಳಲ್ಲಿ 90 ದಿನ ಓಡಾಡಬಹುದು. ಎರಡನ್ನೂ ಕೈಯಲ್ಲೇ ಇಟ್ಟುಕೊಳ್ಳಿ, ಫೋನಿನಲ್ಲಿರುವ ಫೋಟೋ ಸಾಲದು. ಗಡಿ ತೆರೆದಿದ್ದರೂ, ವಾಪಸ್ ಬರುವಾಗ ಜರ್ಮನ್ ಪೊಲೀಸರು ರೈಲು ಹತ್ತಿ ಕಾಗದ ಕೇಳುವುದು ಈಚೆಗೆ ಜಾಸ್ತಿಯಾಗಿದೆ. ನಿಮ್ಮ ಕಾರ್ಡಿನ ಅವಧಿ ಮುಗಿದು, ಹೊಸದು ಬರುವವರೆಗೆ ತಾತ್ಕಾಲಿಕ ಪತ್ರ ಕೊಟ್ಟಿದ್ದಾರಾ? ಹಾಗಿದ್ದರೆ ಟಿಕೆಟ್ ತೆಗೆಯುವ ಮೊದಲು ಪತ್ರ ಕೊಟ್ಟ ಕಚೇರಿಯಲ್ಲೇ ಕೇಳಿ. ಆ ಪತ್ರಗಳಲ್ಲಿ ಎರಡು ಮೂರು ಬಗೆ ಇವೆ, ಅವುಗಳಲ್ಲಿ ಕೆಲವನ್ನು ಹಿಡಿದು ದೇಶ ದಾಟಲು ಬರುವುದಿಲ್ಲ. ನಿಮ್ಮ ಆರೋಗ್ಯ ವಿಮೆ ಜರ್ಮನಿಯ ಸಾರ್ವಜನಿಕ ವಿಮೆಯಾದರೆ ಆ ಕಾರ್ಡಿನ ಹಿಂಬದಿಯೇ ಯುರೋಪಿನ ಆರೋಗ್ಯ ಕಾರ್ಡು. ತುರ್ತಿಗೆ ಪ್ರಾಗ್‌ನಲ್ಲೂ ನಡೆಯುತ್ತದೆ. ಅದನ್ನೂ ತನ್ನಿ.

ಈಗ ಊರಾಚೆಯ ಆ ಚಿಕ್ಕ ಮನೆ. ಚೆಕ್ಕರು ಅದನ್ನು ಖತಾ ಅನ್ನುತ್ತಾರೆ. ಇದನ್ನು ಶ್ರೀಮಂತರ ಫಾರ್ಮ್‌ಹೌಸ್ ಅಂದುಕೊಳ್ಳಬೇಡಿ. ಸಾಮಾನ್ಯ ನೌಕರರು, ಮೇಷ್ಟ್ರುಗಳು, ಬಸ್ ಚಾಲಕರು ತಮ್ಮ ಕೈಯಾರೆ ಕಟ್ಟಿಕೊಂಡ ಮರದ ಪುಟ್ಟ ಮನೆಗಳು ಇವು. 1968ರಲ್ಲಿ ಸೋವಿಯತ್ ಸೇನೆ ಈ ದೇಶಕ್ಕೆ ನುಗ್ಗಿದ ಮೇಲೆ ಹೊರದೇಶಕ್ಕೆ ಹೋಗುವುದು ಕಷ್ಟವಾಯಿತು, ಬಾಯಿಬಿಟ್ಟು ಮಾತಾಡುವುದೂ ಕಷ್ಟವಾಯಿತು. 1970ರ ದಶಕದಲ್ಲಿ ಜನ ವಾರವಿಡೀ ಕೆಲಸ ಮಾಡಿ ಶುಕ್ರವಾರ ಸಂಜೆ ಕಾಡಿನ ಅಂಚಿಗೆ ಹೋಗತೊಡಗಿದರು. ಯಾರ ಹಂಗೂ ಇಲ್ಲದೆ ತಮ್ಮ ಪಾಡಿಗೆ ಇರಬಹುದಾದ ಜಾಗ ಅದೊಂದೇ ಆಗಿತ್ತು. ಆ ಕಾಲ ಹೋಯಿತು, ಅಭ್ಯಾಸ ಉಳಿಯಿತು. ಈಗಲೂ ಶನಿವಾರ ಪ್ರಾಗ್‌ನ ಹಳೆ ಪೇಟೆಯ ಚೌಕದಲ್ಲಿ ನಿಂತರೆ ಸುತ್ತ ಕೇಳುವುದು ಇಂಗ್ಲಿಷ್, ಇಟಾಲಿಯನ್, ಕೊರಿಯನ್. ಊರಿನವರು ಎಷ್ಟೋ ಜನ ಖತಾದಲ್ಲಿ ಸೇಬಿನ ಮರಕ್ಕೆ ಏಣಿ ಹಾಕಿರುತ್ತಾರೆ. ಊರಿನವರ ಜೊತೆ ಇರಬೇಕು ಅನ್ನಿಸುತ್ತದಾ? ಶನಿವಾರ ಅವರು ಸಿಗುವುದು ಅಲ್ಲೇ.

ನನ್ನ ಅನುಭವದಲ್ಲಿ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಮನೆಯಲ್ಲಿ ಉಳಿಯುವುದೆಂದರೆ ಹೋಟೆಲ್ ಬಾಡಿಗೆ ಉಳಿತಾಯ ಅಂತ ಲೆಕ್ಕ ಹಾಕಿ ಬರುತ್ತಾರೆ. ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಹನ್ನೊಂದಕ್ಕೆ ಬಂದು ಮಲಗುತ್ತಾರೆ. ಆ ಮನೆಯಾಕೆ ಮಧ್ಯಾಹ್ನ ಊಟಕ್ಕೆ ಕಾದು, ಸಂಜೆ ಮತ್ತೆ ಬಿಸಿ ಮಾಡಿ, ಕೊನೆಗೆ ಎತ್ತಿಡುತ್ತಾಳೆ. ಮಾತಿನಲ್ಲಿ ಏನೂ ಹೇಳುವುದಿಲ್ಲ. ನಮ್ಮಲ್ಲಿ ಅತಿಥಿ ಹಾಗೆ ಮಾಡಿದರೆ ನಿಮ್ಮ ಅಮ್ಮನಿಗೆ ಹೇಗನ್ನಿಸೀತು, ಅವರಿಗೂ ಹಾಗೇ ಅನ್ನಿಸುತ್ತದೆ. ಕರೆ ಒಪ್ಪಿಕೊಂಡರೆ ಅವರ ವಾರಾಂತ್ಯವನ್ನೂ ಒಪ್ಪಿಕೊಳ್ಳಿ. ಪ್ರಾಗ್ ಪೂರ್ತಿ ನೋಡಲೇಬೇಕು ಅನ್ನಿಸಿದರೆ ಅದು ತಪ್ಪಲ್ಲ. ಆಗ ಎರಡು ರಾತ್ರಿಯೂ ಹಾಸ್ಟೆಲ್ ತೆಗೆದುಕೊಂಡು, ಗೆಳತಿಯ ಮನೆಗೆ ಒಂದು ಊಟಕ್ಕೆ ಹೋಗಿ ಬನ್ನಿ. ಅರ್ಧ ಅದು, ಅರ್ಧ ಇದು ಮಾಡಿದರೆ ಎರಡೂ ಕೆಡುತ್ತವೆ.

ಪ್ರಾಗ್ ನೋಡುವುದು ಯಾವಾಗ ಅಂತ ಕೇಳಿದ್ದೀರಿ. ಶನಿವಾರ ಬೆಳಗಿನ ಜಾವ. ಸೆಪ್ಟೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆ ಹೊತ್ತಿಗೆ. ಮೆಟ್ರೊ ಐದಕ್ಕೆಲ್ಲ ಓಡುತ್ತಿರುತ್ತದೆ. ಗೆಳತಿಯ ಅಪ್ಪ ಅಮ್ಮ ಬಹುಶಃ ಹಳೆ ಪೇಟೆಯಲ್ಲಿ ಇರುವುದಿಲ್ಲ. ಪ್ರಾಗ್‌ನ ಸಾಮಾನ್ಯ ಸಂಸಾರಗಳು ಜಾಸ್ತಿ ಇರುವುದು ಊರ ಸುತ್ತಲಿನ ಕಾಂಕ್ರೀಟ್ ಹಲಗೆಗಳ ಎತ್ತರದ ವಸತಿಗಳಲ್ಲಿ. ಇವಕ್ಕೆ ಪನೆಲಾಕ್ ಅನ್ನುತ್ತಾರೆ. ಉದಾಹರಣೆಗೆ ಸಿ ಮಾರ್ಗದ ಕೊನೆಯ ನಿಲ್ದಾಣ ಹಾಯೆ ಕಡೆ ಮನೆ ಇದ್ದರೂ ಚಿಂತೆಯಿಲ್ಲ. ಮುಖ್ಯ ರೈಲು ನಿಲ್ದಾಣದಿಂದ ಅದೇ ಮಾರ್ಗದಲ್ಲಿ ಇಪ್ಪತ್ತು ನಿಮಿಷ. ಬೆಳಗ್ಗೆ ಅಲ್ಲಿಂದ ಮುಜೆಉಮ್ ನಿಲ್ದಾಣಕ್ಕೆ ಬಂದು, ಎ ಮಾರ್ಗಕ್ಕೆ ಬದಲಾಯಿಸಿ, ಸ್ತಾರೊಮ್ಯೆಸ್ತ್‌ಸ್ಕಾದಲ್ಲಿ ಇಳಿದರೆ ಚಾರ್ಲ್ಸ್ ಸೇತುವೆ ಕೆಲವೇ ನಿಮಿಷದ ನಡಿಗೆ. ಆರೂವರೆಗೆ ಅಲ್ಲಿರಿ.

ಆ ಹೊತ್ತಿನಲ್ಲಿ ಸೇತುವೆ ಬೇರೆಯೇ. 1357ರಲ್ಲಿ ದೊರೆ ನಾಲ್ಕನೇ ಚಾರ್ಲ್ಸ್ ಕಟ್ಟಿಸಲು ಶುರು ಮಾಡಿದ್ದು. ಉದ್ದ ಐನೂರು ಮೀಟರಿಗೂ ಮಿಗಿಲು, ಎರಡೂ ಬದಿಗೆ ಸೇರಿ 30 ವಿಗ್ರಹಗಳು. ಹಗಲು ಹತ್ತರ ಮೇಲೆ ಅಲ್ಲಿ ಹೆಗಲಿಗೆ ಹೆಗಲು ತಾಗುತ್ತದೆ, ಕಲ್ಲೇ ಕಾಣುವುದಿಲ್ಲ. ಮುಂಜಾನೆ ವ್ಲ್ತಾವಾ ನದಿಯ ಮೇಲೆ ಮಂಜು ಕೂತಿರುತ್ತದೆ. ಕೆಳಗೆ ಕಟ್ಟೆ ದಾಟುವ ನೀರಿನ ಸದ್ದು ಕೇಳುತ್ತದೆ. ನೆಪೊಮುಕ್‌ನ ಯಾನ್ ಎಂಬ ಪಾದ್ರಿಯ ವಿಗ್ರಹ ಹುಡುಕಿ. 1683ರದ್ದು, ಅಲ್ಲಿರುವುದರಲ್ಲಿ ಅತಿ ಹಳೆಯದು. 1393ರಲ್ಲಿ ಅವನನ್ನು ಈ ನದಿಗೇ ಎಸೆದು ಕೊಂದರು. ವಿಗ್ರಹದ ಬುಡದಲ್ಲಿ ಆ ದೃಶ್ಯದ ಲೋಹದ ಫಲಕವಿದೆ. ಫಲಕವೆಲ್ಲ ಕಪ್ಪಾಗಿದೆ, ಜನ ಮುಟ್ಟಿ ಮುಟ್ಟಿ ಹೋದ ಜಾಗ ಮಾತ್ರ ತಿಕ್ಕಿದ ಹಿತ್ತಾಳೆ ತಂಬಿಗೆಯ ಹಾಗೆ ಹೊಳೆಯುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದಾಗ ಅದರ ಮೇಲೆ ಕೈಯಿಟ್ಟು ನೋಡಿ. ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ, ಈಗಲೂ ಮುಟ್ಟಿಯೇ ಮುಂದೆ ಹೋಗುತ್ತೇನೆ.

ಅಲ್ಲಿಂದ ನೆರುದೊವಾ ಬೀದಿ ಹತ್ತಿದರೆ ಕೋಟೆ. ಅಂಗಳ ಬೆಳಗ್ಗೆ ಆರಕ್ಕೇ ತೆರೆಯುತ್ತದೆ, ಅಂಗಳಕ್ಕೆ ಟಿಕೆಟ್ ಇಲ್ಲ. ಸಂತ ವೀಟ್ ಇಗರ್ಜಿಯನ್ನು ಹೊರಗಿನಿಂದಲೇ ಸುತ್ತು ಹಾಕಿ. 1344ರಲ್ಲಿ ಶುರುವಾದ ಕಟ್ಟಡ ಮುಗಿದದ್ದು 1929ರಲ್ಲಿ. ಮೆಟ್ಟಿಲಿಳಿದು ಮಲೊಸ್ತ್ರಾನ್‌ಸ್ಕಾ ಮೆಟ್ರೊ ಹಿಡಿದರೆ ಒಂಬತ್ತೂವರೆಗೆ ಮನೆ. ಶುಕ್ರವಾರವೇ ಕೀಲಿ ಕೇಳಿಟ್ಟುಕೊಳ್ಳಿ, ಎಷ್ಟಕ್ಕೆ ಹೊರಡುತ್ತಾರೆ ಅಂತಲೂ ಕೇಳಿ. ಚೆಕ್ಕರು ಹತ್ತು ಅಂದರೆ ಹತ್ತು.

ಯಹೂದಿ ಕೇರಿ ಯೊಸೆಫೊವ್ ಭಾನುವಾರಕ್ಕಿರಲಿ. ಶನಿವಾರ ಅಲ್ಲಿನ ಮ್ಯೂಸಿಯಂ, ಸಿನಗಾಗ್ ಎಂಬ ಪ್ರಾರ್ಥನಾ ಮಂದಿರಗಳು, ಹಳೆ ಸ್ಮಶಾನ ಎಲ್ಲ ಮುಚ್ಚಿರುತ್ತವೆ. ಇದು ಗೊತ್ತಿಲ್ಲದೆ ಬಾಗಿಲ ತನಕ ಬಂದು ವಾಪಸ್ ಹೋಗುವವರು ಪ್ರತಿ ವಾರ ಕಾಣುತ್ತಾರೆ. ಭಾನುವಾರ ಮಧ್ಯಾಹ್ನ ಖತಾದಿಂದ ಬೇಗ ಹೊರಟರೆ ಅಲ್ಲಿ ಎರಡು ಗಂಟೆ ಸಿಗುತ್ತದೆ. ಸಂಜೆಯ ರೈಲಿಗೆ ಡ್ರೆಸ್ಡೆನ್ ಸುಮಾರು ಎರಡೂವರೆ ಗಂಟೆ ದಾರಿ.

ಆ್ಯಪ್ ಮೂಲಕ ಸಿಗುವ ಮನೆ ಬಗ್ಗೆ ನೇರವಾಗಿ ಹೇಳುತ್ತೇನೆ. ಹೀಗೆ ಉಳಿಸಿಕೊಳ್ಳುವವರಲ್ಲಿ ಒಳ್ಳೆಯವರೇ ಜಾಸ್ತಿ, ನನಗೆ ಅಂಥ ಗೆಳೆಯರಿದ್ದಾರೆ. ಆದರೆ ಒಬ್ಬಳೇ ಹೆಣ್ಣುಮಗಳು, ಒಂದೇ ರಾತ್ರಿ, ಮೊದಲ ಸಲ ಬರುವ ಊರು. ನಾನಾದರೆ ಬೇಡ ಅನ್ನುತ್ತೇನೆ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಬ್ಬ ಹುಡುಗಿ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದಳು. ಮನೆಯವನು ಕೆಟ್ಟವನೇನಲ್ಲ, ಊಟ ಕೊಟ್ಟಿದ್ದ. ಆದರೆ ಮನೆಗಿದ್ದದ್ದು ಒಂದೇ ಕೋಣೆ. ಇವಳಿಗೆ ಅದು ಬಾಗಿಲು ತೆರೆದಾಗಲೇ ಗೊತ್ತಾಗಿದ್ದು. ವಿವರದಲ್ಲಿ ಅವನು ಸುಳ್ಳು ಬರೆದಿರಲಿಲ್ಲ, "1+ಕೆಕೆ" ಅಂತ ಬರೆದಿದ್ದ. ಇವಳು ಒಂದು ಮಲಗುವ ಕೋಣೆ, ಜೊತೆಗೊಂದು ಹಾಲ್ ಅಂದುಕೊಂಡಳು. ಚೆಕ್ ಲೆಕ್ಕದಲ್ಲಿ 1+ಕೆಕೆ ಅಂದರೆ ಒಟ್ಟಿಗೆ ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ ಒಲೆ. 2+1 ಅಂದರೆ ಎರಡು ಕೋಣೆ, ಅಡುಗೆಮನೆ ಬೇರೆ. ಆ ರಾತ್ರಿ ಅವಳನ್ನು ನಮ್ಮ ಮನೆಗೆ ಕರೆತಂದೆ. ಇಂಥ ಮನೆ ಆರಿಸುವ ಯಾರಿಗಾದರೂ ನಾನು ಹೇಳುವುದಿಷ್ಟು: ಒಟ್ಟು ಕೋಣೆ ಎಷ್ಟು, ಮನೆಯಲ್ಲಿ ಇನ್ಯಾರಿದ್ದಾರೆ, ನಿಮ್ಮ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ ಅಂತ ಮೊದಲೇ ಬರೆದು ಕೇಳಿ. ಅಲ್ಲಿ ಉಳಿದ ಹೆಣ್ಣುಮಕ್ಕಳು ಏನು ಬರೆದಿದ್ದಾರೆ ಅಂತ ಓದಿ. ರಾತ್ರಿಯೇ ಎದ್ದು ಹೋಗಬೇಕಾಗಿ ಬಂದರೆ ಒಂದು ಹಾಸ್ಟೆಲಿನ ವಿಳಾಸ, ಅದಕ್ಕೆ ಸಾಕಾಗುವಷ್ಟು ದುಡ್ಡು ಕೈಯಲ್ಲಿರಲಿ. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ.

ನಡುವಿನ ದಾರಿಯೂ ಒಂದಿದೆ. 1949ರಲ್ಲಿ ಶುರುವಾದ ಸರ್ವಾಸ್ ಅನ್ನುವ ಸಂಸ್ಥೆ ಹಲವು ದೇಶಗಳಲ್ಲಿ, ಭಾರತದಲ್ಲೂ ಇದೆ. ಸದಸ್ಯರಾಗುವ ಮೊದಲು ಎದುರು ಕೂತು ಮಾತಾಡಿಸುತ್ತಾರೆ, ಪರಿಚಯ ಪತ್ರ ಕೊಡುತ್ತಾರೆ. ಸಾಮಾನ್ಯವಾಗಿ ಎರಡು ರಾತ್ರಿ ಉಳಿಯಬಹುದು. ಮುಂದಿನ ಪ್ರವಾಸಗಳಿಗೆ ನೋಡಿ, ಈ ವಾರಕ್ಕೆ ಆಗುವ ಮಾತಲ್ಲ.

ಚೆಕ್ಕರ ಮುಖದ ಗಂಟಿನ ವಿಷಯ. ಗುರುತಿಲ್ಲದವರಿಗೆ ನಗುವುದು ಅವರಲ್ಲಿ ವಾಡಿಕೆಯಿಲ್ಲ ಅಷ್ಟೇ. ನಮ್ಮ ಹಳ್ಳಿ ಅಜ್ಜಂದಿರು ಹೊಸಬರನ್ನು ಕಂಡು ಹಲ್ಲು ಕಿರಿಯುತ್ತಾರಾ? ಆದರೆ ನಮಸ್ಕಾರ ತಪ್ಪಿಸಬಾರದು. ಅಂಗಡಿಗೆ ಹೋಗಲಿ, ಲಿಫ್ಟ್‌ನಲ್ಲಿ ಯಾರಾದರೂ ಸಿಗಲಿ, ಒಳಗೆ ಕಾಲಿಟ್ಟ ಕೂಡಲೇ "ದೊಬ್ರೀ ದೆನ್" ಅನ್ನಿ. ಅದನ್ನು ಹೇಳದೆ ನೇರ ಬೇಕಾದ್ದು ಕೇಳುವವರಿಗೇ ಗಂಟು ಮುಖ ಸಿಗುವುದು. ಇನ್ನೊಂದು ಕನ್ನಡದವರಿಗೆ ಸಲೀಸು: ಅವರ ಭಾಷೆಯಲ್ಲೂ ನೀನು, ನೀವು ಬೇರೆ ಬೇರೆ. ಗೆಳತಿಯ ಅಪ್ಪ ಅಮ್ಮನಿಗೆ ನೀವು ಅನ್ನುವ "ವಿ" ಬಳಸಬೇಕು. "ತಿ" ಅನ್ನು ಅಂತ ಹಿರಿಯರೇ ಮೊದಲು ಹೇಳಬೇಕು, ನಾವು ಶುರು ಮಾಡುವಂತಿಲ್ಲ. ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಅದೇ ಗೌರವ ಇಟ್ಟುಕೊಂಡರೆ ಅವರಿಗೆ ಗೊತ್ತಾಗುತ್ತದೆ.

ಬಾಗಿಲಲ್ಲಿ ಚಪ್ಪಲಿ ಬಿಡಿ. "ಪರವಾಗಿಲ್ಲ, ಹಾಗೇ ಬನ್ನಿ" ಅನ್ನುತ್ತಾರೆ, ಆದರೂ ಬಿಡಿ. ನಮ್ಮಲ್ಲಿ ಊಟಕ್ಕೆ ಕರೆದಾಗ ಮೊದಲ ಸಲ "ಬೇಡ ಬೇಡ" ಅನ್ನುತ್ತೇವಲ್ಲ, ಅಂಥದ್ದೇ ಉಪಚಾರದ ಮಾತು ಅದು. ಮನೆಯೊಳಗೆ ಹಾಕಿಕೊಳ್ಳಲು ಅವರೇ ಬೇರೆ ಚಪ್ಪಲಿ ಕೊಡುತ್ತಾರೆ. ಹೂವು ಒಯ್ದರೆ ಬೆಸ ಸಂಖ್ಯೆಯಲ್ಲಿರಲಿ, ಸಮ ಸಂಖ್ಯೆ ಸಾವಿನ ಮನೆಗೆ. ಅದಕ್ಕಿಂತ ಒಳ್ಳೆಯದು, ಊರಿಂದ ತಂದ ಕಾಫಿ ಪುಡಿ ಒಂದು ಪೊಟ್ಟಣ. ಹಳೆ ತಲೆಮಾರಿನ ಚೆಕ್ಕರು ಪುಡಿಗೆ ನೇರ ಕುದಿನೀರು ಹೊಯ್ದು, ಗಸಿ ತಳಕ್ಕೆ ಕೂರುವವರೆಗೆ ಕಾದು ಕುಡಿಯುತ್ತಾರೆ. ಚಿಕೋರಿಯೂ ಅವರಿಗೆ ಹೊಸದಲ್ಲ. ಪನೆಲಾಕ್ ಗೋಡೆಗಳು ತೆಳು, ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಸದ್ದು ಮಾಡುವಂತಿಲ್ಲ. ಅಮ್ಮನಿಗೆ ವಿಡಿಯೊ ಕಾಲ್ ಮಾಡುವುದಿದ್ದರೆ ಹತ್ತರೊಳಗೆ ಮುಗಿಸಿ. ಆ ಹೊತ್ತಿಗೆ ಊರಲ್ಲಿ ಅವರೂ ಮಲಗಿರುತ್ತಾರೆ.

ಊಟ. ಇದಕ್ಕೆ ಸ್ವಲ್ಪ ತಯಾರಿ ಬೇಕು, ಮಾಂಸಕ್ಕಿಂತ ಮೊಟ್ಟೆಗೆ. ಸಸ್ಯಾಹಾರಿ ಅಂದರೆ ಇಲ್ಲಿ ಮೊಟ್ಟೆ ತಿನ್ನುತ್ತಾರೆ ಅಂತಲೇ ಲೆಕ್ಕ. ಹೋಟೆಲುಗಳಲ್ಲಿ ಸಸ್ಯಾಹಾರಿಗಳಿಗೆ ತೋರಿಸುವ ಕರಿದ ಚೀಸ್‌ನ ಮೇಲ್ಪದರದಲ್ಲಿ ಮೊಟ್ಟೆ ಇರುತ್ತದೆ. ಆಲೂಗಡ್ಡೆ ದೋಸೆಯಂಥ ಬ್ರಂಬೊರಾಕ್‌ನಲ್ಲೂ ಇರುತ್ತದೆ, ಸಾರಿನ ಜೊತೆ ಕೊಡುವ ಕ್ನೆದ್ಲೀಕ್ ಕಡುಬಿನಲ್ಲೂ ಸಾಮಾನ್ಯವಾಗಿ ಇರುತ್ತದೆ. ಸೂಪನ್ನು ಹೆಚ್ಚಾಗಿ ಮಾಂಸದ ರಸದಲ್ಲಿ ಮಾಡುತ್ತಾರೆ. ಅದಕ್ಕೆ "ಬೆಜ್ ಮಾಸ, ಬೆಜ್ ವಯೆತ್ಸ್" ಅಂತ ಎರಡನ್ನೂ ಹೇಳಿ: ಮಾಂಸ ಬೇಡ, ಮೊಟ್ಟೆ ಬೇಡ. ಗೆಳತಿಯಿಂದ ಈಗಲೇ ಅವಳ ಅಮ್ಮನಿಗೆ ಹೇಳಿಸಿ. ಕೊನೆ ಗಳಿಗೆಯಲ್ಲಿ ಹೇಳಿದರೆ ಮಾಡಿಟ್ಟ ಅಡುಗೆ ಮುಂದೆ ಅವರ ಮುಖ ಸಣ್ಣದಾಗುತ್ತದೆ. ನಿಮಗೆ ಒಗ್ಗುವ ಮನೆ ಅಡುಗೆ ಇಲ್ಲೂ ಇದೆ. ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ ಮತ್ತು ತ್ವಾರೊಹ್ ಎಂಬ ಹಸಿ ಚೀಸ್. ಈರುಳ್ಳಿ ಹುರಿದು ಹಾಕಿದ ಬಟಾಣಿಯ ಗಟ್ಟಿ ಗೊಜ್ಜು. ಹುಳಿ ಬಿಟ್ಟ ಮಸೂರ, ಅದರ ಮೇಲಿಡುವ ಮೊಟ್ಟೆ ಬೇಡ ಅಂದರಾಯಿತು. ಒಂದು ಹೊತ್ತು ನಾನು ಅಡುಗೆ ಮಾಡುತ್ತೇನೆ ಅಂತ ಹೇಳಿ, ಅವರಿಗೂ ಖುಷಿ. ಚಿತ್ರಾನ್ನ ಸಾಕು, ಖಾರ ಮಾತ್ರ ಅರ್ಧಕ್ಕೆ ಇಳಿಸಿ.

ಸೆಪ್ಟೆಂಬರ್ ಆದ್ದರಿಂದ ಖತಾದಲ್ಲಿ ನಿಮ್ಮನ್ನು ಅಣಬೆ ಹೆಕ್ಕಲು ಕರೆದೇ ಕರೆಯುತ್ತಾರೆ. ಇಲ್ಲಿನ ಕಾಡಿನಲ್ಲಿ ಸ್ವಂತಕ್ಕೆ ಹೆಕ್ಕಲು ಕಾನೂನಿನ ಅಡ್ಡಿಯಿಲ್ಲ. ಮಲೆನಾಡಿನ ಹುಡುಗಿಗೆ ಈ ಕೆಲಸ ಹೇಳಿಕೊಡಬೇಕಿಲ್ಲ, ಆದರೆ ಅಣಬೆಯ ಜಾತಿಗಳು ಬೇರೆ. ಮನೆಯವರು ನೋಡಿ ಹೂಂ ಅನ್ನದೆ ಒಂದನ್ನೂ ಬುಟ್ಟಿಗೆ ಹಾಕಬೇಡಿ. ನೀವು ಕೇಳದ ಆ ವಿಷಯ ಇಲ್ಲೇ ಬರುವುದು: ಉಣುಗು. ಚೆಕ್ ಕಾಡಿನ ಉಣುಗು ಕಚ್ಚಿದರೆ ಮಿದುಳಿಗೆ ಉರಿಯೂತ ತರುವ ವೈರಸ್ ಬರಬಹುದು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ದಾಯಾದಿ ಅದು. ಲೈಮ್ ಕಾಯಿಲೆಯೂ ಉಣುಗಿನಿಂದಲೇ ಬರುತ್ತದೆ. ಮಿದುಳಿನ ಕಾಯಿಲೆಗೆ ಲಸಿಕೆ ಇದೆ, ಜರ್ಮನಿಯಲ್ಲೂ ಹಾಕುತ್ತಾರೆ. ಆದರೆ ಅದನ್ನು ತಿಂಗಳುಗಳ ಅಂತರದಲ್ಲಿ ಕಂತಾಗಿ ತೆಗೆದುಕೊಳ್ಳಬೇಕು. ಓದು ಮುಗಿಯುವ ತನಕ ಅಲ್ಲೇ ಇರುವವರಾದ್ದರಿಂದ ಡಾಕ್ಟರ ಹತ್ತಿರ ಮಾತಾಡಿ. ಈ ಸಲಕ್ಕೆ ಉದ್ದ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಕಾಡಿಂದ ಬಂದ ಮೇಲೆ ಮೊಣಕಾಲ ಹಿಂದೆ, ಕಂಕುಳು, ಸೊಂಟ, ಕೂದಲ ಬುಡ ಎಲ್ಲ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನಿಧಾನ ಎಳೆಯಿರಿ. ಎಣ್ಣೆ ಸುರಿಯುವುದು, ಸುಡುವುದು ಮಾಡಬೇಡಿ. ಮುಂದಿನ ಕೆಲವು ವಾರದಲ್ಲಿ ಜ್ವರ ಬಂದರೆ ಅಥವಾ ಕಚ್ಚಿದ ಜಾಗದ ಸುತ್ತ ಕೆಂಪು ಬಳೆಯ ಹಾಗೆ ಹರಡಿದರೆ ಡಾಕ್ಟರಿಗೆ ತೋರಿಸಿ, ಉಣುಗು ಕಚ್ಚಿತ್ತು ಅಂತ ಮರೆಯದೆ ಹೇಳಿ.

ದುಡ್ಡಿನ ಮಾತು ಎರಡೇ ಸಾಲು. ಇಲ್ಲಿ ನಡೆಯುವುದು ಯೂರೊ ಅಲ್ಲ, ಕೊರುನಾ. ಬ್ಯಾಂಕಿನ ಎಟಿಎಂ ಬಳಸಿ, ಯೂರೊದಲ್ಲಿ ಕಡಿತ ಮಾಡಲೇ ಎಂದು ಕೇಳಿದರೆ ಬೇಡ ಅಂತ ಒತ್ತಿ. ಹಳೆ ಪೇಟೆಯ ವಿನಿಮಯ ಅಂಗಡಿಯಲ್ಲಿ ಕಮಿಷನ್ ಇಲ್ಲ ಅಂತ ಬರೆದು ಕೆಟ್ಟ ದರ ಕೊಟ್ಟಿರುತ್ತಾರೆ. ಅಲ್ಲಿ ಮೋಸ ಹೋದೆ ಅನ್ನಿಸಿದರೆ ಮೂರು ಗಂಟೆಯೊಳಗೆ ರಸೀದಿ ಸಮೇತ ವಾಪಸ್ ಹೋಗಿ. 1000 ಯೂರೊ ತನಕದ ವಿನಿಮಯವನ್ನು ರದ್ದು ಮಾಡಿಸುವ ಹಕ್ಕು 2019ರಿಂದ ಇದೆ. ಮೆಟ್ರೊಗೆ 24 ಗಂಟೆಯ ಟಿಕೆಟ್ ತೆಗೆಯಿರಿ. ಕಾಗದದ ಟಿಕೆಟ್ ಆದರೆ ಹಳದಿ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸಲು ಮರೆಯಬೇಡಿ. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ.

ಇನ್ನು ಅಮ್ಮ. ಅವರ ಹೆದರಿಕೆಯನ್ನು ತಳ್ಳಿಹಾಕಬೇಡಿ. ಗುರುತಿಲ್ಲದವರ ಮನೆ ಅನ್ನುವುದು ಅವರ ಚಿಂತೆ, ಹಾಗಾದರೆ ಗುರುತು ಮಾಡಿಸಿ. ಹೊರಡುವ ಮೊದಲು ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮ್ಮನ ಜೊತೆ ಮಾತಾಡಿಸಿ. ಪ್ರಾಗ್‌ನ ಮನೆ, ಖತಾ ಎರಡರ ವಿಳಾಸ, ಗೆಳತಿಯ ಅಮ್ಮನ ಫೋನ್ ನಂಬರ್ ಕಳಿಸಿ. ಖತಾ ಇರುವ ಕಡೆ ಸಿಗ್ನಲ್ ಇದೆಯಾ ಅಂತ ಗೆಳತಿಯನ್ನು ಕೇಳಿ. ಇಲ್ಲದಿದ್ದರೆ ಶನಿವಾರ ಸಂಜೆ ಫೋನ್ ಬರುವುದಿಲ್ಲ ಅಂತ ಅಮ್ಮನಿಗೆ ಮೊದಲೇ ಹೇಳಿಬಿಡಿ. ಶುಕ್ರವಾರ ಮನೆ ತಲುಪಿದ ಮೇಲೆ ಆ ಇಬ್ಬರು ಅಮ್ಮಂದಿರಿಗೂ ಫೋನಿನಲ್ಲಿ ಮುಖ ತೋರಿಸಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಪರವಾಗಿಲ್ಲ.